ಗೌರವಪೂರ್ವಕ ಕತ್ತೆ

ಬಿಟಿಎಂ ಲೇಔಟಿನ ಬೈರಣ್ಣನ ಸೈಬರ್ ಸೆಂಟರಿನಲ್ಲಿ ಮೂರನೇ ಕಂಪ್ಯೂಟರಿನ 'ಟಿ' ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿತ್ತು. ಬಸವಂತನ ನಿಶ್ಚಿತಾರ್ಥಕ್ಕೆ ಕಲ್ಲು ಬಿದ್ದದ್ದು ಅಲ್ಲಿಂದಲೇ.

ಬಾಗಲಕೋಟೆ ಕಡೆಯ ಬಸವಂತ ಜಯನಗರದ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತ. ಎದುರು ನಿಂತವರ ಮುಂದೆ ಬಾಯಿ ಬಿಡಲು ಹೆದರುವ ಪ್ರಾಣಿ. ಆದರೆ ಸಿನಿಮಾ ಹಾಡುಗಳ ಒಂದು ವೆಬ್‌ಸೈಟಿನಲ್ಲಿ 'ವಿನಮ್ರ' ಎಂದು ಹೆಸರಿಟ್ಟುಕೊಂಡು ದಿನಾ ಸಂಜೆ ವಾದಕ್ಕಿಳಿಯುತ್ತಿದ್ದ. ಹಳೇ ಹಾಡು ಮೇಲೋ ಹೊಸ ಹಾಡು ಮೇಲೋ ಎಂಬ ಜಗಳದಲ್ಲಿ ಮಿಕ್ಕವರು ಅಪ್ಪ ಅಮ್ಮನವರೆಗೆ ಹೋದರೂ ಇವನು 'ತಾವು', 'ದಯವಿಟ್ಟು', 'ಸಾರ್' ಬಿಟ್ಟು ಕೆಳಗಿಳಿದವನಲ್ಲ.

ಮಂಗಳವಾರ ಸಂಜೆ 'ರಸಿಕ' ಎಂಬ ಹಿರಿಯರೊಬ್ಬರು, ಹುಡುಗರಾಗಿದ್ದಾಗ ಪಕ್ಕದ ಮನೆಯ ರೇಡಿಯೋ ಕೇಳಲು ಕಾಂಪೌಂಡ್ ಹತ್ತಿ ಬಿದ್ದು ಕೈ ಮುರಿದುಕೊಂಡದ್ದನ್ನು ಬರೆದಿದ್ದರು. 'ಈಗಿನ ಹಾಡಿಗೆ ಯಾರಾದರೂ ಒಂದು ಉಗುರಾದರೂ ಮುರಿದುಕೊಳ್ತಾರಾ?' ಎಂದು ಕೊನೆಗೊಂದು ಸವಾಲು. ಬಸವಂತನ ಕಣ್ಣು ಒದ್ದೆಯಾಯಿತು. ಆಗೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುವ ಕಾಲ. 'ಇಂಥ ಕತೆ ನಾನೆಲ್ಲೂ ಕಂಡಿಲ್ಲ ಸಾರ್. ಈ ಹಿರಿಯ ಕತೆಗೆ ನನ್ನ ಗೌರವ. ಆದರೂ ನನಗೆ ಹೊಸ ಹಾಡೇ ಇಷ್ಟ' ಎಂದು ಕುಟ್ಟಿ, ತಿರುಗಿ ಓದದೆ ರೂಮಿಗೆ ಹೋದ. ಎರಡೆರಡು ಬಿದ್ದ 'ಟಿ'ಯಿಂದ ಬೇರೆ ಮಾತಿಗೇನೂ ಆಗಲಿಲ್ಲ. ಕತೆ ಮಾತ್ರ ಎರಡೂ ಕಡೆ ಕತ್ತೆಯಾಯಿತು.

ಬುಧವಾರ ಬೆಳಿಗ್ಗೆ ಅವನು ರಜೆ ಚೀಟಿ ಹಿಡಿದು ಮ್ಯಾನೇಜರ್ ಚನ್ನಬಸವಯ್ಯನವರ ಮೇಜಿನ ಮುಂದೆ ನಿಂತಿದ್ದ. ಶುಕ್ರವಾರ ಊರಿನಲ್ಲಿ ಅವನಿಗೂ ದಾನಮ್ಮನಿಗೂ ನಿಶ್ಚಿತಾರ್ಥ. ರಜೆ ಸಿಗದೆ ಒಮ್ಮೆ ಮುಂದಕ್ಕೆ ಹೋಗಿತ್ತು. ಈ ಸಲವೂ ತಪ್ಪಿದರೆ ಬೇರೆ ಗಂಡು ನೋಡ್ತೀವಿ ಎಂದು ಹುಡುಗಿಯ ಸೋದರಮಾವ ಗೂಳಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಹೆಣ್ಣು ನೋಡಲು ಹೋದಾಗ ಚಹಾ ಕೊಡುತ್ತಾ ದಾನಮ್ಮ "ಸಕ್ಕರಿ ಸಾಕೇನ್ರಿ?" ಎಂದಿದ್ದಳು. ಆ ಎರಡು ಮಾತು ಮೂರು ತಿಂಗಳಿನಿಂದ ಅವನ ಕಿವಿಯಲ್ಲೇ ಇದ್ದವು.

ಚನ್ನಬಸವಯ್ಯ ಚೀಟಿಯನ್ನು ಪಕ್ಕಕ್ಕೆ ತಳ್ಳಿ, ಒಂದು ಪ್ರಿಂಟೌಟನ್ನು ಮೇಜಿಗೆ ಬಡಿದು, ಎದುರು ಮೇಜಿನ ಜಯಶೀಲಾ ಮೇಡಂ ಕಡೆ ತಿರುಗಿದರು.

"ನೋಡ್ರೀ ಜಯಶೀಲಾ! ಯಾವನೋ ವಿನಮ್ರ ಅಂತೆ. ಇಂಥ ಕತ್ತೆ ನಾನೆಲ್ಲೂ ಕಂಡಿಲ್ಲ ಅಂತಾನೆ. ಅದೂ ಸಾರ್ ಅಂತ ಕರೆದು! ಹಿರಿಯ ಕತ್ತೆ ಅಂತೆ ನಾನು!"

ಬಸವಂತ ಒಂದು ಹೆಜ್ಜೆ ಹಿಂದೆ ಸರಿದ. ರಸಿಕ ಎಂದರೆ ಇವರೇ!

"ಆ ಅಯೋಗ್ಯ ಕ್ಷಮೆ ಕೇಳೋವರೆಗೂ ನಾನು ಒಂದು ಪೇಪರಿಗೂ ಸೈನ್ ಹಾಕಲ್ಲ. ಬಸವಂತ, ಕೂತ್ಕೊ. ನಾನು ಹೇಳ್ತೀನಿ, ನೀನು ಟೈಪ್ ಮಾಡು. 'ಎಲವೋ ಮೂರ್ಖ...'"

"ಸರ, 'ಮಾನ್ಯರೇ' ಅಂತ ಶುರು ಮಾಡೂಣೇನ್ರಿ?"

"ಕೋಣಕ್ಕೇನಯ್ಯ ಮಾನ್ಯ? ಕೋಣ ಅಂತ ಹಾಕು!"

"ಮನೇಲಿ ಸಂಸ್ಕಾರ ಕಲಿಸಿಲ್ಲ ಅಂತಾನೂ ಹಾಕಿಸಿ ಸಾರ್," ಎಂದರು ಜಯಶೀಲಾ ಮೇಡಂ.

ಪಕ್ಕದ ಟೇಬಲ್ಲಿನ ಸುಮನ್ ಕುರ್ಚಿ ಸಮೇತ ಉರುಳಿಕೊಂಡು ಬಂದ. "ಗುರು, ಎಮ್ಮೆ ಅಂತಾನೂ ಸೇರಿಸ್ಬಿಡು. ಫ್ಯಾಮಿಲಿ ಕಂಪ್ಲೀಟ್ ಆಗ್ಲಿ."

ಬಸವಂತ ತನ್ನನ್ನು ತಾನೇ ಕೋಣ, ಎಮ್ಮೆ, ಸಂಸ್ಕಾರಹೀನ ಎಂದು ಹದಿನಾಲ್ಕು ಸಾಲು ಬೈದುಕೊಂಡ. ಕಚೇರಿಯ ಕೀಬೋರ್ಡು ಒಂದಕ್ಷರವನ್ನೂ ತಪ್ಪಿಸಲಿಲ್ಲ.

ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆ ಓಡಿದ. ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಬಳಿ ಒಂದು ಸೈಬರ್ ಸಿಕ್ಕಿತು. ಪುಟ ತೆರೆದರೆ ಬೈಗುಳದ ರಾಶಿ. ತಾನೇ ಬರೆದದ್ದನ್ನು ತಾನೇ ಓದುವ ಧೈರ್ಯವಾಗದೆ, ಸೀದಾ ಕೆಳಗಿಳಿದು ಬರೆದ. 'ಕೀಬೋರ್ಡಿನ ದೋಷ ಸಾರ್. ಅದು ಕತ್ತೆಯಲ್ಲ, ಕತೆ. ನನ್ನ ರುಚಿ ನನಗೆ, ನಿಮ್ಮದು ನಿಮಗೆ. ಆದರೆ ನಿಮ್ಮ ಮುರಿದ ಕೈಗೆ ನನ್ನ ಎರಡೂ ಕೈ ಜೋಡಿಸಿದ್ದೇನೆ. ಕ್ಷಮೆ ಇರಲಿ.' ಹೊರಡುವಾಗ 'ಹೋಗ್ತೀನಿ' ಅನ್ನಬಾರದು, ಅಪಶಕುನ ಎಂದು ಅವ್ವ ತಂಗೆವ್ವ ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಕಲಿಸಿದ್ದಳು. ಅದರಂತೆ ಕೊನೆಗೆ 'ಬರ್ತೀನಿ ಸಾರ್' ಎಂದು ಸೇರಿಸಿದ. ಈ ಸಲ ಮೂರು ಬಾರಿ ಓದಿಯೇ ಕಳಿಸಿದ.

ಮೂರು ಗಂಟೆಗೆ ಒಳಗಿನಿಂದ ಕರೆ ಬಂತು. ಚನ್ನಬಸವಯ್ಯನವರ ಮುಖ ಹಬ್ಬದ ಮನೆಯಾಗಿತ್ತು.

"ಕತೆ ಕಣಯ್ಯ, ಕತೆ! ಎಂಥಾ ಮರ್ಯಾದಸ್ಥ ಮನುಷ್ಯ! ಸುಮ್ನೆ ಕೋಣ ಅನ್ನಿಸಿಬಿಟ್ಟೆ ನೀನು!"

"ತಪ್ಪಾತ್ರಿ ಸರ," ಎಂದ ಬಸವಂತ. ಸಾಹೇಬರು ಪೆನ್ನಿನ ಕ್ಯಾಪ್ ತೆಗೆದರು. ಅವನ ಕಣ್ಣೆದುರು ದಾನಮ್ಮ ಸಕ್ಕರೆ ಡಬ್ಬಿ ಹಿಡಿದು ನಿಂತಳು.

ಅವರು ರಜೆ ಚೀಟಿಗೆ ಅಡ್ಡಗೆರೆ ಎಳೆದರು.

"ಸರ!"

"ನೀನು ಊಟಕ್ಕೆ ಹೋದಾಗ ನಾನೇ ಒಂದು ಬೆರಳಲ್ಲಿ ಒಂದು ಕಮೆಂಟ್ ಹಾಕಿದ್ದೆ. 'ಗಂಡಸಾದ್ರೆ ಶುಕ್ರವಾರ ಹತ್ತು ಗಂಟೆಗೆ ಬನಶಂಕರಿಲಿರೋ ನನ್ನ ಮನೆಗೆ ಬಾ, ಹಳೇ ರೆಕಾರ್ಡ್ ಹಾಕ್ತೀನಿ, ಕೇಳಿ ಆಮೇಲೆ ಮಾತಾಡು' ಅಂತ. ಅದರ ಕೆಳಗೇ ಬರ್ದಿದಾರೆ ನೋಡು, 'ಬರ್ತೀನಿ ಸಾರ್'! ಮನೇಲಿ ಹೋಳಿಗೆಗೆ ಹೇಳಾಯ್ತು. ಆ ಸ್ಪೀಕರು ವೈರು ನಂಗೆ ಗೊತ್ತಾಗಲ್ಲ, ನೀನು ಒಂಬತ್ತಕ್ಕೇ ಬಂದ್ಬಿಡು."

"ಸರ, ಅವರು ಬರಂಗಿಲ್ರೀ. ಆ ವಿನಮ್ರ... ನಾನ ರೀ ಸರ. ನಾನು, ನಾನು..."

"ಈ ನಾನು ನಾನು ಅನ್ನೋದೇ ನಿಮ್ಮ ವಯಸ್ಸಿನವರ ರೋಗ! ಆ ಮನುಷ್ಯನ್ನ ನೋಡಿ ವಿನಯ ಕಲಿ. ನಾಳೆ ತುಮಕೂರಲ್ಲಿರ್ತೀನಿ. ಶುಕ್ರವಾರ ಸೀದಾ ಮನೇಲೇ ಸಿಕ್ತೀನಿ." ಬ್ಯಾಗು ಹೆಗಲಿಗೇರಿಸಿ ಅವರು ಹೊರಟೇಹೋದರು.

ಬಸವಂತ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತ. ಅಷ್ಟರಲ್ಲಿ ಮೊಬೈಲು ಕುಣಿಯಿತು. ಅವ್ವ. ಹಿಂದೆ ನೆಂಟರ ಗದ್ದಲ.

"ಏನ್ಪಾ, ರಜಾ ಸಿಕ್ತೇನು? ಗೂಳಪ್ಪ ಇಲ್ಲೇ ಕುಂತಾನ, ಕೇಳಾಕತ್ಯಾನ."

ಹೇಳಬೇಕು ಎಂದು ಬಾಯಿ ತೆರೆದ. ಗೂಳಪ್ಪನ ಎದುರಿಗೆ ಬೇಡ ಅನ್ನಿಸಿತು. ಸ್ವಲ್ಪ ಸುಧಾರಿಸಿಕೊಂಡು ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡು, ರೂಢಿಯಂತೆ ಮಾತು ಮುಗಿಸಿದ.

"ಬರ್ತೀನವ್ವಾ..."

"ಗೂಳಪ್ಪಾ, ಬರ್ತಾನಂತ! ಉಂಗುರ ತರಾಕ ಹೇಳ್ರಿ!" ಎಂದು ತಂಗೆವ್ವ ಕೂಗಿದ್ದು ಫೋನ್ ಕಟ್ಟಾಗುವ ಮೊದಲು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.