ಶಿವಮೊಗ್ಗಕ್ಕೆ ಹತ್ತಿರ, ಸೊರಬಕ್ಕೆ ದೂರ

ನಾಗರಾಜಪ್ಪನವರಿಗೆ ಶಿವಮೊಗ್ಗ ಸಾಕಾಗಿ ಹೋಗಿತ್ತು. ಇದರಲ್ಲಿ ಶಿವಮೊಗ್ಗದ ತಪ್ಪೇನೂ ಇರಲಿಲ್ಲ. ಹನ್ನೊಂದು ಸಂಸಾರಕ್ಕೆ ಒಂದೇ ನಲ್ಲಿ ಇರುವ ವಠಾರದಲ್ಲಿ ಬಾಡಿಗೆಗೆ ಇದ್ದದ್ದು ಅವರದೇ ತಪ್ಪು. ಬೆಳಗಾದರೆ ನಲ್ಲಿಯ ಮುಂದೆ ಕೊಡಪಾನಗಳ ಕುರುಕ್ಷೇತ್ರ. ಎಡಗಡೆ ಮನೆಯವರು ಹಾರ್ಮೋನಿಯಂ ಕಲಿಯುತ್ತಿದ್ದರು, ಬಲಗಡೆ ಮನೆಯವರು ಕಲಿಯದೆಯೇ ಕೆಮ್ಮುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ದಿನವಿಡೀ ಊರವರ ಅರ್ಜಿ ಓದಿ ಬಂದ ಗುಮಾಸ್ತನಿಗೆ ಮನೆಯಲ್ಲಿ ಕೂತು ಪೇಪರ್ ಓದಲು ಒಂದು ಜಗುಲಿ ಬೇಡವೇ? (ಜಗುಲಿ ಇತ್ತು. ಅದರ ಮೇಲೆ ಮಾಲೀಕರ ಎಮ್ಮೆಯ ಹುಲ್ಲಿತ್ತು.)

ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಒಂದು ಸಂಜೆ ಅವರಿಗೆ ಜ್ಞಾನೋದಯವಾಯಿತು.

"ವರದಾ, ಕೆಲಸ ಶಿವಮೊಗ್ಗದಾಗೆ ಇದ್ರೆ ಮನೇನೂ ಶಿವಮೊಗ್ಗದಾಗೆ ಇರಬೇಕು ಅಂತ ಯಾವ ಕಾನೂನು ಹೇಳ್ತದೆ? ಈಗ ಎಲ್ಲಾ ಕಡೆ ಮೋಟಾರು ಓಡ್ತಾವೆ. ಒಂದು ಚಂದದ ಸಣ್ಣ ಊರು ನೋಡಿ, ದಿನಾ ಬಸ್ಸಿಗೆ ಹೋಗಿ ಬಂದ್ರಾತು!"

ವರದಮ್ಮ ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. "ಮನೆ ಮುಂದಿನ ಬೀದೀಲಿ ಇರೋ ಆಫೀಸಿಗೇ ಓಡ್ತಾ ಹೋಗ್ತೀರಿ. ಮೂವತ್ತು ಮೈಲಿ ಆಚೆಯಿಂದ ಹ್ಯಾಂಗೆ ಹೋಗ್ತೀರಿ?"

"ಅದಕ್ಕೇ ಹೇಳಿದ್ದು ಕಣೇ, ಬಸ್ಸು ಅಂತ."

ಆ ರಾತ್ರಿಯೇ ನಾಗರಾಜಪ್ಪನವರು ಕಚೇರಿಯ ಕಾಗದದ ಮೇಲೆ ರೂಲು ಹಾಕಿ ಒಂದು ಪಟ್ಟಿ ಮಾಡಿದರು. ಬಸ್ಸು, ಬಾವಿ, ಗಾಳಿ, ನೋಟ ಎಂದು ನಾಲ್ಕು ಕಲಮುಗಳು. ಐದನೆಯದು ಅವರ ಮನಸ್ಸಿನಲ್ಲೇ ಇತ್ತು. ಅದು ಸೊರಬ. ವರದಮ್ಮನ ತವರು ಸೊರಬದಿಂದಾಚೆ ಚಂದ್ರಗುತ್ತಿ ದಾರಿಯ ಒಂದು ಹಳ್ಳಿ. ಅತ್ತೆ, ಮಾವ, ಭಾವಮೈದುನರು ಐದು ಜನ, ಅವರ ಹೆಂಡಿರು, ಮಕ್ಕಳು. ಕೆಟ್ಟವರು ಒಬ್ಬರೂ ಇಲ್ಲ, ಅದೇ ತೊಂದರೆ. ಕೆಟ್ಟವರಾದರೆ ಜಗಳ ಮಾಡಿ ದೂರ ಇಡಬಹುದು. ಬಂದರೆ ಎಂಟು ದಿನ ಹೋಗದ ಪ್ರೀತಿವಂತರನ್ನು ಏನು ಮಾಡುವುದು? ಶಿವಮೊಗ್ಗ ದೂರವೆಂದು ಅವರು ವರ್ಷಕ್ಕೆ ಒಂದೇ ಸಲ ಬರುತ್ತಿದ್ದರು. ಹೊಸ ಊರು ಅದಕ್ಕಿಂತ ಹತ್ತಿರವಾಗಿಬಿಟ್ಟರೆ ಜಗುಲಿಯ ಮೇಲೆ ಪೇಪರಿನ ಬದಲು ನೆಂಟರೇ ಇರುತ್ತಾರೆ ಎಂದು ನಾಗರಾಜಪ್ಪನವರಿಗೆ ಖಚಿತವಾಗಿ ಗೊತ್ತಿತ್ತು.

ಪ್ರತಿ ಭಾನುವಾರ ದಿಗ್ವಿಜಯ ಹೊರಟಿತು. ಬಳ್ಳಿಗಾವಿಯ ದೇವಸ್ಥಾನ ನೋಡಿ ನಾಗರಾಜಪ್ಪನವರು ಮನಸೋತರು. ಕಂಬಕ್ಕೆ ಒರಗಿ ನಿಂತು, ಇಲ್ಲೇ ಇದ್ದುಬಿಡೋಣ ಎಂದರು. ಬೆಳಗಿನ ಬಸ್ಸಿನ ವೇಳೆ ಕೇಳಿದಾಗ ಅಲ್ಲಿಯ ದುರುಗಮ್ಮ ಎಂಬ ಹಣ್ಣು ಮುದುಕಿ, "ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಅದಕ್ಕೇನು ಅವಸರ?" ಎಂದಳು. ತಾಳಗುಂದದಲ್ಲಿ ಶಾಸನದ ಕಂಬದ ಹತ್ತಿರ ದನ ಕಾಯುತ್ತಿದ್ದ ರೈತರೊಬ್ಬರನ್ನು ಕೇಳಿದರೆ, "ದಿನಾ ಶಿವಮೊಗ್ಗಕ್ಕೆ ಹೋಗಿ ದಿನಾ ಬರಾದಾ? ಯಾಕ್ರೀ, ನಿಮ್ ಮ್ಯಾಗೆ ಕೇಸು ಐತಾ?" ಎಂದು ಕನಿಕರದಿಂದ ವಿಚಾರಿಸಿದರು. ಹೋದ ಕಡೆಯಲ್ಲೆಲ್ಲ ಊಟ ಹಾಕದೆ ಯಾರೂ ಕಳಿಸಲಿಲ್ಲ. ಹೀಗೆ ಮನೆ ಸಿಗದಿದ್ದರೂ ನಾಲ್ಕು ಭಾನುವಾರ ವರದಮ್ಮನಿಗೆ ಒಲೆ ಹಚ್ಚುವ ಕೆಲಸ ತಪ್ಪಿತು.

ಐದನೆಯ ಭಾನುವಾರ ಶಿಕಾರಿಪುರ ಸಿಕ್ಕಿತು. ಪೇಟೆಗೆ ಪೇಟೆ, ಹಳ್ಳಿಗೆ ಹಳ್ಳಿ. ಕೆರೆಯ ಗಾಳಿ. ಹುಚ್ಚರಾಯಪ್ಪ ಎಂಬ ಸಂಭಾವಿತರ ಮನೆ ಖಾಲಿ ಇತ್ತು. ಹಿತ್ತಲಲ್ಲಿ ಸಿಹಿನೀರ ಬಾವಿ, ಮುಂದೆ ಉದ್ದಾನುದ್ದ ಜಗುಲಿ, ಜಗುಲಿಯಿಂದ ಇಳಿದು ಇಪ್ಪತ್ತು ಹೆಜ್ಜೆ ಇಟ್ಟರೆ ಬಸ್ಸು ನಿಲ್ಲುವ ಜಾಗ. ಬೆಳಗ್ಗೆ ಏಳೂವರೆಗೆ ಬಸ್ಸು, ಹತ್ತಕ್ಕೆ ಶಿವಮೊಗ್ಗ, ಹತ್ತೂವರೆಗೆ ಕಚೇರಿ. ಮಾವನ ಮನೆಗೆ ಯಾವಾಗಲೂ ಬೇರೆ ದಾರಿಯಲ್ಲಿ ಹೋಗುತ್ತಿದ್ದ ನಾಗರಾಜಪ್ಪನವರ ಲೆಕ್ಕದಲ್ಲಿ ಸೊರಬ ಇಲ್ಲಿಂದ ಗುಡ್ಡದಾಚೆ ಎಲ್ಲೋ ಇತ್ತು. ಅವರು ಮನಸ್ಸಿನ ಐದನೆಯ ಕಲಮಿಗೂ ಗುರುತು ಹಾಕಿಕೊಂಡರು.

"ನಿನಗೆ ಹ್ಯಾಂಗನಿಸ್ತದೆ?" ಎಂದು ಹೆದರುತ್ತಲೇ ಹೆಂಡತಿಯನ್ನು ಕೇಳಿದರು.

ವರದಮ್ಮ ಬಸ್ಸು ನಿಲ್ಲುವ ಜಾಗದ ಕಡೆ ಒಂದು ಸಲ ನೋಡಿ, "ನೀವು ಹೇಳಿದ ಮ್ಯಾಲೆ ನಂದೇನಿದೆ? ಚಲೋ ಇದೆ," ಎಂದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ವರದಮ್ಮ ಇಷ್ಟು ಬೇಗ ಯಾವುದಕ್ಕೂ ಒಪ್ಪಿದ್ದಿಲ್ಲ. ಆಗಲೇ ನಾಗರಾಜಪ್ಪನವರಿಗೆ ಅನುಮಾನ ಬರಬೇಕಿತ್ತು. ಬಾವಿಯ ನೀರು ಕುಡಿದ ಸಂತೋಷದಲ್ಲಿ ಬರಲಿಲ್ಲ.

ಹೊಸ ಮನೆಗೆ ಬಂದ ಮೊದಲ ಸೋಮವಾರ ನಾಗರಾಜಪ್ಪನವರು ಸ್ನಾನ ಮಾಡಿ, ಕೋಟು ತೊಟ್ಟು, ಪೇಪರ್ ಬಿಡಿಸಿಕೊಂಡು ಜಗುಲಿಯ ಮೇಲೆ ಕೂತರು. ಏಳೂವರೆಗೆ ಸರಿಯಾಗಿ ಬಸ್ಸು ಬಂತು. ಅದು ಶಿಕಾರಿಪುರದಲ್ಲೇ ಹೊರಡುವ ಬಸ್ಸು ಎಂದು ಅವರು ತಿಳಿದಿದ್ದರು. ಆದರೆ ಬಸ್ಸು ತುಂಬಿಕೊಂಡು ಬಂತು. ಮೊದಲು ಇಳಿದವರು ಅವರ ಮಾವ ಕೆಂಪಪ್ಪನವರು. ಅವರ ಹಿಂದೆ ಒಂದು ಬಾಳೆಗೊನೆ, ಅದರ ಹಿಂದೆ ದೊಡ್ಡ ಭಾವಮೈದುನ, ಅವನ ಹಿಂದೆ ಕೋರ್ಟಿಗೆ ಹೊರಟ ಅವನ ಸೋದರಮಾವ, ಆಸ್ಪತ್ರೆಗೆ ಹೊರಟ ಇಬ್ಬರು ಹೆಂಗಸರು.

"ಅಳಿಯಂದ್ರೇ! ಎಂತ ಊರು ಹುಡುಕಿದ್ರಿ ನೀವು!" ಎಂದರು ಕೆಂಪಪ್ಪನವರು, ಕಣ್ಣಲ್ಲಿ ನೀರು ತಂದುಕೊಂಡು. "ಸೊರಬದಿಂದ ಹೊರಟ ಬಸ್ಸು ಇಲ್ಲೇ ಕಾಲು ಗಂಟೆ ನಿಲ್ತದೆ. ನಮ್ಮ ಮೇಲೆ ನಿಮಗೆ ಇಷ್ಟು ಪ್ರೀತಿ ಅಂತ ಗೊತ್ತೇ ಇರಲಿಲ್ಲ ನೋಡಿ."

ನಾಗರಾಜಪ್ಪನವರು ಒಳಗೆ ಓಡಿದರು. ವರದಮ್ಮ ಆಗಲೇ ಎಂಟು ಲೋಟ ಜೋಡಿಸಿದ್ದರು.

"ನಿನಗೆ ಗೊತ್ತಿತ್ತಾ?"

"ನಿಮಗೆ ಗೊತ್ತಿರಲಿಲ್ವಾ? ನೀವೇ ಹುಡುಕಿದ ಊರಲ್ವಾರೀ?"

ಮಗಳ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಬರದೆ ಹೋದರೆ ಜನ ಏನೆಂದಾರು? ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ಇನ್ನೇನೆಂದಾರು? ಕಾಲು ಗಂಟೆಯಲ್ಲಿ ಕಾಫಿ ಮುಗಿಯಬಹುದು, ಆದರೆ ಕಾಫಿಯ ಜೊತೆ ಅವಲಕ್ಕಿ, ಅವಲಕ್ಕಿಯ ಜೊತೆ ಊರ ಸುದ್ದಿ, ಸುದ್ದಿಯ ಮಧ್ಯೆ ವರದಮ್ಮನ ಅಳು, ನಗು ಎಲ್ಲಾ ಆಗಬೇಕಲ್ಲ. ಬಸ್ಸು ಬಿಟ್ಟು ಹೋಗುತ್ತದೆಂಬ ಭಯ ಯಾರಿಗೂ ಇರಲಿಲ್ಲ. ಏಕೆಂದರೆ ಕಂಡಕ್ಟರ್ ಉಜ್ಜಪ್ಪನೂ ವರದಮ್ಮನ ಊರಿನವನೇ. ಅವನು ಅಡಿಗೆಮನೆಯ ಹೊಸಿಲ ಮೇಲೆ ಕೂತು ಕಾಫಿ ಆರಿಸುತ್ತಿದ್ದ.

"ಉಜ್ಜಪ್ಪ, ನನಗೆ ಆಫೀಸಿಗೆ ತಡ ಆಗ್ತದಪ್ಪ!" ಎಂದು ನಾಗರಾಜಪ್ಪನವರು ಅಂಗಲಾಚಿದರು.

"ಐದೇ ನಿಮಿಷ ಭಾವ. ವರದಕ್ಕ ಡ್ರೈವರಿಗೆ ದೋಸೆ ಹಾಕ್ತಿದಾಳೆ. ಅವನು ತಿನ್ನದೆ ನಾವು ಹೋಗಿ ಎಂತ ಮಾಡಾದು?"

ಹದಿನೈದು ದಿನದಲ್ಲಿ ಕಚೇರಿಯ ಹಾಜರಿ ಪುಸ್ತಕದಲ್ಲಿ ನಾಗರಾಜಪ್ಪನವರ ಹೆಸರಿನ ಮುಂದೆ ಹನ್ನೊಂದು ಕೆಂಪು ಗುರುತು ಬಿದ್ದವು. ಸಾಹೇಬರು ಕರೆದು, "ಇನ್ನೊಂದು ದಿನ ತಡವಾದರೆ ವರದಿ ಮೇಲಕ್ಕೆ ಹೋಗ್ತದೆ," ಎಂದರು. ಹನ್ನೆರಡು ವರ್ಷದ ಸರ್ವೀಸು, ಬರಲಿದ್ದ ಬಡ್ತಿ, ಎಲ್ಲಾ ದೋಸೆಯ ಹಂಚಿನ ಮೇಲೆ ಸುಟ್ಟುಹೋಗುವ ಲಕ್ಷಣ ಕಂಡಿತು. ಅಂದು ಬಸ್ಸಿನಲ್ಲಿ ನಾಗರಾಜಪ್ಪನವರು ನಿಜವಾಗಿಯೂ ಹೆದರಿದರು. ಮನೆಗೆ ಬಂದವರೇ ಗುಡುಗಿದರು.

"ವರದಾ, ನಾಳೆ ನಿನ್ನ ಕಡೆಯವರು ಬಂದಾಗ ನಾನೇ ಹೇಳ್ತೀನಿ. ಈ ಮನೆ ಕಾಫಿ ಹೋಟ್ಲಲ್ಲ ಅಂತ!"

"ಹೇಳಿ. ನಾಳೆ ಅಮ್ಮ ಬರ್ತಾಳೆ. ಅವಳಿಗೇ ಹೇಳಿ," ಎಂದರು ವರದಮ್ಮ ಸಣ್ಣ ದನಿಯಲ್ಲಿ. ಆ ಸಣ್ಣ ದನಿ ಕೇಳಿ ನಾಗರಾಜಪ್ಪನವರ ಗುಡುಗು ಅರ್ಧ ಇಳಿಯಿತು.

ಮಾರನೆಯ ದಿನ ಅತ್ತೆ ಹನುಮಮ್ಮ ಬಸ್ಸಿನಿಂದ ಹಾಸಿಗೆಯ ಸುರುಳಿಯ ಸಮೇತ ಇಳಿದರು. ನಾಗರಾಜಪ್ಪನವರು ಗಂಟಲು ಸರಿಮಾಡಿಕೊಂಡು, "ಅತ್ತೆ, ಒಂದು ಮಾತು..." ಎನ್ನುವಷ್ಟರಲ್ಲಿ ಹನುಮಮ್ಮ ಕೈ ಎತ್ತಿದರು.

"ನೀವು ಹೇಳಾದೇ ಬ್ಯಾಡ. ವರದ ಕಾಗದ ಹಾಕಿದ್ಲು, ನಾನು ಓದಿಸಿ ಅತ್ತುಬಿಟ್ಟೆ. ದಿನಾ ಅರವತ್ತು ಮೈಲಿ ಬಸ್ಸಲ್ಲಿ ಕುಲುಕಿ ಎಷ್ಟು ಸೊರಗಿದೀರಿ! ಕೆಲಸ ಹೋದ್ರೆ ಗತಿ ಎಂತದು? ನೀವು ಶಿವಮೊಗ್ಗದಾಗೆ ಒಂದು ರೂಮು ಮಾಡ್ಕೊಳಿ. ಶನಿವಾರ ಬಂದು ಸೋಮವಾರ ಹೋಗಿ. ಇಲ್ಲಿ ಅವಳ ಜೊತೆಗೆ ನಾನಿರ್ತೀನಿ. ನನ್ನ ಅಳಿಯನಿಗೆ ನಾನು ಅಷ್ಟೂ ಮಾಡದಿದ್ರೆ ಹ್ಯಾಂಗೆ?"

ಎದುರು ಮಾತಾಡಲು ಅದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ನೌಕರಿ ಉಳಿಯಬೇಕಿದ್ದರೆ ಬೇರೆ ದಾರಿಯೂ ಇರಲಿಲ್ಲ. ನಾಗರಾಜಪ್ಪನವರು ಅದೇ ಬಸ್ಸಿಗೆ ಟ್ರಂಕು ಹಾಕಿದರು. ಉಜ್ಜಪ್ಪ ಆ ದಿನ ಒಂದು ನಿಮಿಷವೂ ತಡ ಮಾಡಲಿಲ್ಲ.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ, ಸಂಜೆಯ ಹೊತ್ತಿಗೆ ಅವರು ಶಿಕಾರಿಪುರದಲ್ಲಿ ಇಳಿದರು. ಜಗುಲಿಯ ಮೇಲೆ ಇಬ್ಬರು ಭಾವಮೈದುನರು ಪೇಪರ್ ಹಂಚಿಕೊಂಡು ಓದುತ್ತಿದ್ದರು. ಒಳಗಿನಿಂದ ವರದಮ್ಮ ನಗುವುದು ಬೀದಿಗೆ ಕೇಳಿಸುತ್ತಿತ್ತು. ವಠಾರದಲ್ಲಿದ್ದ ಅಷ್ಟು ವರ್ಷದಲ್ಲಿ ಆ ನಗು ಒಂದು ದಿನವೂ ಕೇಳಿರಲಿಲ್ಲ ಎಂದು ನಾಗರಾಜಪ್ಪನವರಿಗೆ ಆಗ ಹೊಳೆಯಿತು. ಹೊಟ್ಟೆಯೂ ಉರಿಯಿತು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಆದದ್ದರಿಂದ ಏನು ಮಾಡಬೇಕೆಂದು ತಿಳಿಯದೆ ಮೆಟ್ಟಿಲ ಹತ್ತಿರವೇ ನಿಂತರು.

ಹನುಮಮ್ಮ ಚೊಂಬಿನಲ್ಲಿ ಕಾಲಿಗೆ ನೀರು ತಂದರು. ಚಾಪೆ ಹಾಸಿದರು.

"ಯಾರಮ್ಮಾ ಬಂದಿದ್ದು?" ಎಂದು ವರದಮ್ಮ ಒಳಗಿನಿಂದ ಕೂಗಿದರು.

"ನಿಮ್ಮೆಜಮಾನ್ರು ಕಣೇ, ಶಿವಮೊಗ್ಗದಿಂದ. ಅವಲಕ್ಕಿ ನೆನೆಹಾಕು." ಆಮೇಲೆ ಅಳಿಯನ ಕಡೆ ತಿರುಗಿ, ಮನತುಂಬ ಅಕ್ಕರೆಯಿಂದ ಕೇಳಿದರು, "ಬನ್ನಿ, ಕೂತ್ಕಳಿ. ಸಂಕೋಚ ಮಾಡ್ಕಬ್ಯಾಡಿ. ಎಷ್ಟು ದಿನ ಇರ್ತೀರಿ?"

"ನಾಡಿದ್ದು ಬೆಳಗಿನ ಬಸ್ಸಿಗೆ ಹೋಗ್ತೀನಿ ಅತ್ತೆ," ಎಂದು ನಾಗರಾಜಪ್ಪನವರು ಚಾಪೆಯ ಅಂಚಿನಲ್ಲಿ ಕೂತರು.