ಎಂಟಡಿ ಗಲ್ಲಿಗೆ ಬಂದ ಬಿಳಿ ಕಾರಿಗೆ

ಶ್ರೀಮಾನ್ ಬಿಳಿ ಕಾರು ಮಹೋದಯರ ಸನ್ನಿಧಿಗೆ,
ಹಾಲಿ ವಾಸ: ದೊಡ್ಡ ರಸ್ತೆಯ ಪಕ್ಕದ ಮೈದಾನ.
ಹಿಂದಿನ ವಾಸ: ನಮ್ಮ ಗಲ್ಲಿಯ ಒಳತುದಿಯ ಬೇವಿನ ಮರದಡಿ, ಪಂಚವಟಿ, ನಾಸಿಕ.

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ನಮ್ಮ ಗಲ್ಲಿಯಲ್ಲಿದ್ದಾಗ ಯಾರೂ ಸಾಷ್ಟಾಂಗ ಬೀಳುವಷ್ಟು ಜಾಗ ಉಳಿಯುತ್ತಿರಲಿಲ್ಲವಾದ್ದರಿಂದ, ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ನಿಂತಲ್ಲೇ ಕೈಮುಗಿದಿದ್ದೇನೆಂದು ತಿಳಿಯಬೇಕಾಗಿ ಕೋರುತ್ತೇನೆ. ಪತ್ರದ ಆರಂಭದಲ್ಲಿ ಇತ್ತ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ಇತ್ತ ನಮ್ಮ ಅಮ್ಮನ ಎಡ ಮಣಿಕಟ್ಟು ಪ್ಲಾಸ್ಟರಿನಲ್ಲಿದೆ, ಉಳಿದವರೆಲ್ಲ ಕ್ಷೇಮ. ತಮ್ಮ ಹಿಂದಿನ ಬಂಪರಿಗೆ ಒಂದು ಗೀರೂ ಬಿದ್ದಿಲ್ಲವೆಂದು ನೋಡಿ ತಿಳಿದುಕೊಂಡೆ. ಆರೋಗ್ಯ ಚೆನ್ನಾಗಿರಲಿ.

ಈ ಪತ್ರವನ್ನು ತಮ್ಮ ವೈಪರಿಗೆ ಸಿಕ್ಕಿಸುವುದಲ್ಲದೆ, ಕನ್ನಡ ಸಂಘದ ಫಲಕದ ಮೇಲೂ ಅಂಟಿಸುವವನಿದ್ದೇನೆ. ಬರೆಯುತ್ತಿರುವವನು ಭುಜಂಗ, ಕುಂದಾಪುರದ ಕಡೆಯವನು, ದ್ವಾರಕಾ ಚೌಕದ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಸಸ್ಯಾಹಾರಿ ಹೋಟೆಲು ನಡೆಸುವವನು. ತಮಗೆ ನನ್ನ ಪರಿಚಯ ಹೇಳುವ ಅಗತ್ಯವಿಲ್ಲ, ತಮ್ಮ ಚಾಲಕನ ಸೀಟು ನನ್ನ ಬೆನ್ನಿನ ಅಳತೆಗೇ ತಗ್ಗಿದೆ. ತಾವು ನನ್ನ ಸ್ವಂತ ಕಾರು. ಸ್ವಂತ ಕಾರಿನ ಮೇಲೆ ಯಾರಾದರೂ ಬಹಿರಂಗವಾಗಿ ದೂರು ಕೊಡುತ್ತಾರೆಯೇ ಎಂದು ನನ್ನ ಹೆಂಡತಿ ಕುಸುಮಾವತಿ ಕೇಳಿದಳು. ಬೇರೆಯವರ ಕಾರಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ, ಜಗಳವನ್ನೇ ಆಡುತ್ತಿದ್ದೆ ಎಂದು ಉತ್ತರಿಸಿದೆ.

ತಾವು ಬಂದ ದಿನ ನೆನಪಿದೆ. ನಮ್ಮ ಗಲ್ಲಿಯ ಅಗಲ ಎಂಟು ಅಡಿ, ತಮ್ಮ ಅಗಲ ಕನ್ನಡಿಯ ಕಿವಿಗಳೂ ಸೇರಿ ಏಳು ಅಡಿ. ಹೀಗಿದ್ದರೂ ಬಲಕ್ಕೆ ಅರ್ಧ ಅಡಿ, ಎಡಕ್ಕೆ ಅರ್ಧ ಅಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ತಮ್ಮ ಉದಾರತೆಯನ್ನು ಗಲ್ಲಿಯವರು ಇಂದಿಗೂ ಮರೆತಿಲ್ಲ. ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ಭಾವಮೈದುನ ಮೋಹನದಾಸ ಮೊದಲೇ ಎಚ್ಚರಿಸಿದ್ದ. ಅವನ ಮನೆ ಅಲ್ಲಿಯ ಹಳೇ ಊರಿನಲ್ಲಿ, ಎಲ್ಲಿಗೆ ಹೋಗುವುದಿದ್ದರೂ ಒಂದು ಕಲ್ಲಿನ ದರವಾಜಾ, ಅಂದರೆ ಹಳೇ ಕೋಟೆಬಾಗಿಲು, ದಾಟಿಯೇ ಹೋಗಬೇಕು. ಅವನದು ಪುಟ್ಟ ಕಾರು; ದರವಾಜದ ಮುಂದೆ ಎರಡೂ ಕನ್ನಡಿ ಮಡಚಿ, ಎದುರಿನವರು ಯಾರೇ ಇರಲಿ, ಸೈಕಲ್ಲಿನವನೇ ಇರಲಿ, ದಾಟುವ ತನಕ ಸುಮ್ಮನೆ ನಿಲ್ಲುತ್ತಾನೆ. ದರವಾಜದಲ್ಲಿ ಮೊದಲು ನುಗ್ಗಿದವನಲ್ಲ, ಮೊದಲು ನಿಂತವನೇ ದೊಡ್ಡವನು ಎಂಬುದು ಅವನ ಮಾತು. ಗಲ್ಲಿ ನೋಡಿ ಕಾರು ತಗೊಳ್ಳಿ ಭಾವ ಎಂದಿದ್ದ. ನಾನು ಕಾರು ನೋಡಿ ಕಾರು ತೆಗೆದುಕೊಂಡೆ.

ನಮ್ಮ ಗಲ್ಲಿಯೊಳಗೆ ತಮಗೆ ತಿರುಗಲು ಜಾಗವಿಲ್ಲ. ಆದ್ದರಿಂದ ತಾವು ಮುಖ ಮುಂದಾಗಿ ಒಳಗೆ ಬಂದವರು, ಪ್ರತಿ ಸಲವೂ ಬೆನ್ನು ಮುಂದಾಗಿ ಹೊರಗೆ ಹೋಗುವ ಪದ್ಧತಿಯಾಯಿತು. ಈ ಹಿಮ್ಮುಖ ಮೆರವಣಿಗೆಗೆ ಪಕ್ಕದ ಮನೆಯ ಮಧುಕರರಾಯರೇ ಮುಂದಾಳು. ಅವರು ಮನ್ಮಾಡ್ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹಸಿರು ಕರವಸ್ತ್ರ ಬೀಸಿ “ಯೇಊ ದ್ಯಾ, ಯೇಊ ದ್ಯಾ” ಎಂದು, ಅಂದರೆ ಬರಲಿ ಬರಲಿ ಎಂದು ಕರೆಯುವಾಗ, ಮೂವತ್ತು ವರ್ಷ ಗೂಡ್ಸ್ ಗಾಡಿಗಳು ಕೊಡದಿದ್ದ ಸುಖವನ್ನು ತಾವೊಬ್ಬರೇ ಅವರಿಗೆ ಕೊಟ್ಟಿರಿ. ತುಳಸಿಕಟ್ಟೆಯವರು ಕಟ್ಟೆಯನ್ನು ಮೂರು ಇಂಚು ಒಳಗೆ ಸರಿಸಿದರು. ಬಟ್ಟೆ ಒಣಹಾಕುವವರು ಹಗ್ಗ ಏರಿಸಿದರು. ಊಟಕ್ಕೆ ಮನೆಗೆ ಬಂದ ಒಬ್ಬ ಮನುಷ್ಯ ಸಂಜೆ ನಾಲ್ಕು ಗಂಟೆಗೆ ಹೋಟೆಲಿಗೆ ಮರಳಲಿಕ್ಕೆ ಒಂದು ಗಲ್ಲಿ ಇಷ್ಟೆಲ್ಲ ಮಾಡಿದ್ದು ಸಣ್ಣ ಮಾತಲ್ಲ, ಮತ್ತು ಆ ಮನುಷ್ಯ ಅದನ್ನು ಸಣ್ಣ ಮಾತೆಂದೇ ತಿಳಿದಿದ್ದ.

ಅದೇ ನಾಲ್ಕು ಗಂಟೆಗೆ ಇನ್ನೊಂದು ಪ್ರಯಾಣವಿತ್ತು, ತಮ್ಮ ಗಮನಕ್ಕೆ ಬಂದಿರಲಾರದು. ನಮ್ಮ ಅಮ್ಮ ಸುಮನ, ಎಪ್ಪತ್ತಾರು ವರ್ಷದವಳು, ಈ ಸಲದ ಮಳೆಗಾಲ ಮುಗಿದ ಮೇಲೆ ಊರಿನಿಂದ ನಮ್ಮ ಜೊತೆ ಇರಲು ಬಂದಳು. ಮರಾಠಿ ಒಂದಕ್ಷರ ಬಾರದು, ಹಿಂದಿ ಇಲ್ಲ, ಹಗಲೆಲ್ಲ ನಾವಿಬ್ಬರೂ ಹೋಟೆಲಿನಲ್ಲಿ. ಎದುರು ಮನೆಯಲ್ಲಿ ಬೀದರಿನ ಶಾಂತಾಬಾಯಿ ಇದ್ದಾರೆ. ಮೊಣಕಾಲು ನೋವು, ಮೂರು ಮೆಟ್ಟಿಲು ಇಳಿಯಲಾರರು. ದಿನವೂ ನಾಲ್ಕಕ್ಕೆ ಅವರು ಬಾಗಿಲಲ್ಲಿ ನಿಂತು “ಬರ್ರಿ ಅಕ್ಕಾ, ಚಾ ಆಗ್ಯಾದ” ಎನ್ನುವರು, ಅಮ್ಮ ಎಂಟಡಿ ದಾಟಿ ಹೋಗುವಳು. ಒಬ್ಬರದು ಬಸಳೆ, ಇನ್ನೊಬ್ಬರದು ಪುಂಡಿ ಪಲ್ಯ; ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವುದೇ ಹೆಚ್ಚು. ಇಬ್ಬರಿಗೂ ತಕರಾರಿಲ್ಲದೆ ಒಪ್ಪಿಗೆಯಾಗಿದ್ದ ಶಬ್ದ ‘ಚಾ’ ಒಂದೇ ಇರಬೇಕು. ಆದರೂ ಇಷ್ಟು ದೊಡ್ಡ ಊರಿನಲ್ಲಿ ಅಮ್ಮನ ಮಾತಿಗೆ ಮಾತು ಕೊಡುವವರು ಹಗಲಲ್ಲಿ ಅವರೊಬ್ಬರೇ.

ಕಳೆದ ತಿಂಗಳ ಆ ಸಂಜೆ ತಾವು ಹಿಂದಕ್ಕೆ ಬರುತ್ತಿದ್ದಿರಿ, ಅಮ್ಮ ಹೊಸ್ತಿಲು ದಾಟಿ ಗೋಡೆಯ ಪಕ್ಕ ನಿಂತಿದ್ದಳು. ಅವಳು ನಿಂತೇ ಇದ್ದಿದ್ದರೆ ತಮ್ಮ ಪ್ರಸಿದ್ಧ ಅರ್ಧ ಅಡಿಯಲ್ಲಿ ಬದುಕಿಕೊಳ್ಳುತ್ತಿದ್ದಳು. ಮಧುಕರರಾಯರು ನೋಡಿ, ಕೆಂಪು ಕರವಸ್ತ್ರ ಬೀಸಿ “ಆಜೀ, ಥಾಂಬಾ” ಎಂದರು. ಅತ್ತಲಿಂದ ಇತ್ತಲಿಂದ ಎಲ್ಲರೂ ಥಾಂಬಾ, ಥಾಂಬಾ ಎಂದರು. ಅಮ್ಮ ನೇರವಾಗಿ ತಮ್ಮ ಹಿಂದೆ ನಡೆದು ಬಂದಳು, ಬಂಪರು ತಾಕಿ ಎಡಗೈ ಮೇಲೆ ಬಿದ್ದಳು.

ಇಲ್ಲಿ ಸ್ವಲ್ಪ ವ್ಯಾಕರಣ ಬೇಕಾಗುತ್ತದೆ, ಮನ್ನಿಸಬೇಕು. ಮರಾಠಿಯಲ್ಲಿ ಮಕ್ಕಳಿಗೆ, ನಾಯಿಗೆ ನಿಲ್ಲು ಎನ್ನಬೇಕಾದರೆ ‘ಥಾಂಬ್’ ಎಂದರಾಯಿತು. ಹಿರಿಯರಾದರೆ ಮರ್ಯಾದೆಗಾಗಿ ಕೊನೆಯಲ್ಲೊಂದು ದೀರ್ಘ ಎಳೆದು ‘ಥಾಂಬಾ’ ಎನ್ನಬೇಕು. ಗಲ್ಲಿಯವರು ಸಭ್ಯರು, ಪ್ರಾಣ ಹೋಗುವ ಹೊತ್ತಿನಲ್ಲೂ ದೀರ್ಘ ಬಿಡಲಿಲ್ಲ. ಕಿವಿ ಮಂದವಾದ ಅಮ್ಮನಿಗೆ ಕೇಳಿದ್ದು ಆ ದೀರ್ಘ ಮಾತ್ರ, ‘ಬಾ’ ಮಾತ್ರ. ನಮ್ಮಲ್ಲಿ ತಾಯಿಯನ್ನು ಬನ್ನಿ ಎನ್ನುವುದಿಲ್ಲ. ಬನ್ನಿ ಎಂದರೆ ಸಿಟ್ಟು ಬಂದಿದೆಯಾ ಎಂದು ಕೇಳುತ್ತಾಳೆ. ಬಾ ಎಂದರೆ ಮಗ ಕರೆಯುತ್ತಿದ್ದಾನೆ ಎಂದರ್ಥ, ಮಗ ಇರುವುದು ಕಾರಿನಲ್ಲಿ. ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಇಷ್ಟೇ: “ಬಾ ಬಾ ಅಂತ ಕೇಳಿತಲ್ಲ ಮಗಾ. ನೀನು ಕರೆದ ಮೇಲೆ ಬಾರದೆ ಇರ್ಲಿಕ್ಕೆ ಆಗ್ತದಾ?”

ಈಗ ದೂರಿನ ಮುಖ್ಯ ಅಂಶ. ಹಿಂದೆ ಯಾರಾದರೂ ಬಂದರೆ ಸೆನ್ಸರಿನಿಂದ ಕೂಗಿ ಎಚ್ಚರಿಸುವುದು ತಮ್ಮ ಕರ್ತವ್ಯವಾಗಿತ್ತು. ತಾವೇಕೆ ಕೂಗಲಿಲ್ಲ ಎಂದು ಕೇಳಬೇಕೆಂದೇ ಈ ಪತ್ರಕ್ಕೆ ಕೂತದ್ದು. ಆದರೆ ಬರೆಯುತ್ತ ಬರೆಯುತ್ತ ಸತ್ಯವೂ ಕೈಗೆ ಸಿಕ್ಕಿತು. ತಾವು ಬಂದ ಹೊಸದರಲ್ಲಿ ತುಳಸಿಕಟ್ಟೆಗೆ ಕೂಗುತ್ತಿದ್ದಿರಿ, ಬೆಕ್ಕಿಗೆ ಕೂಗುತ್ತಿದ್ದಿರಿ, ಶಾಂತಾಬಾಯಿಯ ಮೆಟ್ಟಿಲಿಗೂ ಕೂಗುತ್ತಿದ್ದಿರಿ. ಗಲ್ಲಿ ಇಕ್ಕಟ್ಟಿದ್ದರೆ ಕೂಗು ಹೆಚ್ಚುತ್ತದೆ ಎಂಬಷ್ಟು ನನಗೆ ತೋಚಲಿಲ್ಲ, ಕಾರಿಗೆ ಪುಕ್ಕಲು ಸ್ವಭಾವ ಎಂದುಕೊಂಡೆ. ಮೂರನೇ ವಾರದಲ್ಲಿ ಒಂದು ಗುಂಡಿ ಒತ್ತಿ ತಮ್ಮ ಬಾಯಿ ಮುಚ್ಚಿಸಿದವನು ನಾನು. ಎಸಿಗಾಗಿ ಗಾಜು ಏರಿಸಿದವನು ನಾನು, ಮಧುಕರರಾಯರು ಕೆಂಪು ಕರವಸ್ತ್ರ ಬೀಸುವಾಗ ಹೋಟೆಲಿನಿಂದ ಬಂದ ಫೋನಿನತ್ತ ನೋಡುತ್ತಿದ್ದವನೂ ನಾನೇ. ಇಡೀ ಗಲ್ಲಿ ಒಂದೇ ಶಬ್ದ ಕೂಗಿತು, ಅಮ್ಮ ತಪ್ಪಾಗಿ ಕೇಳಿಸಿಕೊಂಡಳು, ನಾನು ಕೇಳಿಸಿಕೊಳ್ಳಲೇ ಇಲ್ಲ. ನನಗೆ ನಾಚಿಕೆಯಾಗಿದೆ ಮಹೋದಯರೇ. ಇದನ್ನು ಯಾರ ಮುಂದೆ ಹೇಳಬೇಕೆಂದು ತಿಳಿಯದೆ ತಮ್ಮ ಮುಂದೆ ಹೇಳುತ್ತಿದ್ದೇನೆ.

ಮಣಿಕಟ್ಟಿನ ಮೂಳೆ ಕೂಡುತ್ತಿದೆ ಎಂದು ಡಾಕ್ಟರು ಹೇಳುತ್ತಾರೆ. ಕೂಡದೆ ಉಳಿದದ್ದು ಬೇರೆ. ಈ ಊರಿನವರ ಮಾತು ತನಗೆ ತಿಳಿಯುವುದಿಲ್ಲ, ಯಾರು ಕರೆದರೂ ಇನ್ನು ಹೊಸ್ತಿಲು ದಾಟುವುದಿಲ್ಲ ಎಂದು ಅಮ್ಮ ತೀರ್ಮಾನ ಮಾಡಿಬಿಟ್ಟಳು. ಶಾಂತಾಬಾಯಿ ನಾಲ್ಕಕ್ಕೆ ಬಾಗಿಲಿಗೆ ಬಂದು ಬರ್ರಿ ಎನ್ನುವರು, ಅಮ್ಮ ಕೇಳಿಸದವಳಂತೆ ಗೋಡೆ ನೋಡುವಳು. ಒಂದು ಲೋಟ ಚಾ ದಿನವೂ ಆರಿ ಒಳಗೆ ಹೋಗುತ್ತಿತ್ತು.

ಈ ಕಾರಣಗಳಿಗಾಗಿ ತಮ್ಮಲ್ಲಿ ಕೆಲವು ವಿನಂತಿಗಳು. ಮುಂದಿನ ಸರ್ವಿಸಿಂಗಿಗೆ ಹೋದಾಗ ದಯವಿಟ್ಟು ಎರಡು ಅಡಿ ಅಗಲವನ್ನು ಅಲ್ಲೇ ಬಿಟ್ಟುಬರುವುದು. ಸಿನ್ನರ್ ಹೆದ್ದಾರಿಗೆ ಹೋಗುವಾಗ ಬೇಕಾದರೆ ಮರಳಿ ಹಾಕಿಸಿಕೊಳ್ಳಬಹುದು. ಅದು ಸಾಧ್ಯವಾಗದಿದ್ದರೆ ಕುಂದಾಪುರದ ಕನ್ನಡ, ಬೀದರಿನ ಕನ್ನಡ ಎರಡನ್ನೂ ಕಲಿತು, ಹಿಂದಕ್ಕೆ ಬರುವಾಗ ಹಿಂದಿರುವವರ ಊರು ನೋಡಿ ಯಾವುದು ಬೇಕೋ ಅದರಲ್ಲಿ ಕೂಗುವುದು. ಅದೂ ಕಷ್ಟವಾದರೆ, ತಮ್ಮ ಮಾಲೀಕ ಗುಂಡಿ ಒತ್ತಲು ಕೈ ಚಾಚಿದಾಗ ಆ ಕೈಗೊಂದು ಪೆಟ್ಟು ಕೊಡುವ ವ್ಯವಸ್ಥೆಯನ್ನು ಕಂಪನಿಯವರಿಂದ ಮಾಡಿಸಿಕೊಳ್ಳುವುದು. ಇವುಗಳಲ್ಲಿ ಒಂದಾದರೂ ಆಗುವ ತನಕ ತಾವು ಮೈದಾನದಲ್ಲೇ ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು. ಅಲ್ಲಿಂದ ಮನೆಗೆ ಮುನ್ನೂರ ಹತ್ತು ಹೆಜ್ಜೆ, ನನ್ನ ಹೊಟ್ಟೆಗೆ ಒಳ್ಳೆಯದೇ.

ನಿನ್ನೆ ನಾಲ್ಕು ಗಂಟೆಗೆ, ತಮ್ಮನ್ನು ಮೈದಾನದಲ್ಲಿ ಬಿಟ್ಟವನು, ಗಲ್ಲಿಯ ನಡುವೆ ಎರಡೂ ಕೈ ಚಾಚಿ ನಿಂತೆ. ಎರಡು ಸ್ಕೂಟರು ನಿಂತವು, ಒಬ್ಬರೂ ಹಾರ್ನ್ ಒತ್ತಲಿಲ್ಲ. ಎದುರು ಬಾಗಿಲಲ್ಲಿ ಶಾಂತಾಬಾಯಿ ಲೋಟ ಹಿಡಿದಿದ್ದರು. ನಾನು ಅಮ್ಮನ ಕಡೆ ತಿರುಗಿ, ಬಾ ಎಂದೆ. ಅವಳು ಹೊಸ್ತಿಲ ಒಳಗಿನಿಂದಲೇ ಕೇಳಿದಳು: “ಇದು ನಮ್ಮ ಬಾ ಹೌದಾ ಮಗಾ, ಅವರ ಬಾ ಹೌದಾ?”

ನಮ್ಮದೇ ಎಂದೆ. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಆರು ಹೆಜ್ಜೆ ನಡೆದು ದಾಟಿದಳು. ಚಾ ಬಿಸಿ ಇತ್ತಂತೆ.

ತಮ್ಮ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಕಾಲ್ನಡಿಗೆಯಲ್ಲಿ ತಿರುಗುವ, ತಮ್ಮ ವಿಶ್ವಾಸಿ,
ಭುಜಂಗ

ತಾ.ಕ.: ಮಧುಕರರಾಯರು ನನ್ನಿಂದ ಥಾಂಬಾಕ್ಕೆ ಕನ್ನಡ ಶಬ್ದ ಕೇಳಿ ‘ನಿಲ್ಲಿ’ ಎಂಬುದನ್ನು ಬಾಯಿಪಾಠ ಮಾಡಿದ್ದಾರೆ. ಇಂದು ಅಮ್ಮ ದಾಟುವ ಹೊತ್ತಿಗೆ, ತಮಗಿಂತ ನಾಲ್ಕು ಇಂಚು ಹೆಚ್ಚು ಅಗಲದ ಒಂದು ಕರಿ ಕಾರು ದಾರಿ ತಪ್ಪಿ ನಮ್ಮ ಗಲ್ಲಿಗೆ ನುಗ್ಗಿತು. ರಾಯರು ಉತ್ಸಾಹದಲ್ಲಿ ಅದಕ್ಕೂ “ನಿಲ್ಲಿ, ನಿಲ್ಲಿ” ಎಂದು ಕೂಗಿದರು. ಮರಾಠಿಯಲ್ಲಿ ‘ನಿಳೀ’ ಎಂದರೆ ನೀಲಿ ಬಣ್ಣ. ಚಾಲಕ ಬ್ರೇಕ್ ಹಾಕಿ, ಗಾಜು ಇಳಿಸಿ, “ನಿಳೀ ನಾಹೀ ಕಾಕಾ, ಕಾಳೀ ಆಹೇ” ಎಂದು, ನೀಲಿಯಲ್ಲ ಕಾಕಾ, ಕಪ್ಪು ಎಂದು, ತಾಳ್ಮೆಯಿಂದ ತಿದ್ದಿದ. ಅಷ್ಟರಲ್ಲಿ ಅಮ್ಮ ಆ ಕಡೆ ಮುಟ್ಟಿದ್ದಳು. ಮಾತು ಅರ್ಥವಾಗದಿದ್ದರೂ ಗಾಜು ಇಳಿಸಿದವನ ಕಾರು ಅದು. ತಮ್ಮ ಮಾಲೀಕನಿಗೆ ಮರಾಠಿಯೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು.