ತೂತು ತಟ್ಟೆಗೆ ಮೂರು ತಲೆಮಾರು

ನಂದೀಶ್ವರಯ್ಯನ ಮನೆಯ ಸಾರಿಗೆ ಅವತ್ತೂ ಉಪ್ಪಿರಲಿಲ್ಲ. ಉಪ್ಪೆಲ್ಲ ಬ್ಯಾಟರಿಗೆ ಹೋಗಿತ್ತು.

ಮಧುಗಿರಿಯಲ್ಲಿ ಅವನದು ಬಸ್ಸಿನ ಬ್ಯಾಟರಿಗಳಿಗೆ ಚಾರ್ಜು ಹಾಕುವ ಕೆಲಸ. ಜರ್ಮನಿ ಯುದ್ಧ ಶುರುವಾಗಿ ಹೊಸ ಬ್ಯಾಟರಿ ಸಿಗದಂತಾದಾಗ ಅವನ ತಲೆಗೊಂದು ಹುಳ ಹೊಕ್ಕಿತು. ಬ್ಯಾಟರಿಯೊಳಗಿನ ಸೀಸದ ತಟ್ಟೆ ಗಟ್ಟಿಯಾಗಿದ್ದರೆ ಆಸಿಡ್ಡು ಬರೀ ಮೈ ಸವರಿ ಬರುತ್ತದೆ. ತೂತುತೂತಾಗಿದ್ದರೆ ಒಳಗೂ ಇಳಿಯುತ್ತದೆ, ಕರೆಂಟು ಹೆಚ್ಚು ಹಿಡಿಯುತ್ತದೆ. ಸರಿ, ಉಪ್ಪು ಹರಡಿ ಅದರ ಮೇಲೆ ಕಾದ ಸೀಸ ಹುಯ್ದ. ಆರಿದ ಮೇಲೆ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಕರಗಿತು, ತೂತು ಉಳಿಯಿತು. ಹೊರಪದರಕ್ಕೆ ಕಲ್ಲುಪ್ಪು, ಒಳಪದರಕ್ಕೆ ಕುಟ್ಟಿದ ಉಪ್ಪು. ಮೇಲಿಂದ ನೋಡಿದರೆ ದೋಸೆ, ಅಡ್ಡ ಕೊಯ್ದರೆ ಚಿರೋಟಿ.

ಇದಕ್ಕೆ ಪೇಟೆಂಟು ಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದ್ದ. ಹೆಂಡತಿ ದಾಕ್ಷಾಯಣಮ್ಮ ಕರಾರು ಹಾಕಿದ್ದಳು. ಪೇಟೆಂಟು ಬಂದರೆ ಸರಿ. ಬಾರದಿದ್ದರೆ ಸೀಸ, ಆಸಿಡ್ಡು, ಜಾಡಿ ಎಲ್ಲ ಗುಜರಿಗೆ. ಗಂಡ ಅವಳ ತಮ್ಮ ಬಸವಲಿಂಗಯ್ಯನ ಬೆಲ್ಲದ ಮಂಡಿಯಲ್ಲಿ ನೊಣ ಓಡಿಸಲಿಕ್ಕೆ. ನಂದೀಶ್ವರಯ್ಯನಿಗೆ ಬೆಲ್ಲ ಕಂಡರಾಗದು, ಬಸವಲಿಂಗಯ್ಯನನ್ನು ಕಂಡರಂತೂ ಆಗಲೇ ಆಗದು.

ಆ ಬೆಳಿಗ್ಗೆ ಕೋಟು, ಸರಿಗೆಪೇಟದ ಆಫೀಸರೊಬ್ಬರು ಜವಾನನ ಸಮೇತ ಬಾಗಿಲಿಗೆ ಬಂದರು.

"ಬ್ಯಾಟರಿ ತಟ್ಟೆ ಮಾಡೋ ನಂದೀಶ್ವರಯ್ಯನವರು ನೀವೇ ಏನು? ಬೆಂಗಳೂರಿಂದ ಬಂದಿದೀನಿ. ಅರ್ಜಿ ವಿಚಾರಣೆ."

ದಾಕ್ಷಾಯಣಮ್ಮ ಬಾಗಿಲ ಮರೆಯಿಂದ, "ಏನೂಂದ್ರೆ, ಒಂದು ಮಾತು ಹೇಳಬೇಕಿತ್ತು..." ಎಂದಳು.

"ಮಾತು ಆಮೇಲೆ. ಕಾಫಿ ಮಾಡು!"

ಅಷ್ಟರಲ್ಲಿ ನೆರೆಯವರು ಜಗಲಿ ತುಂಬಿದ್ದರು. ಮುಂದೆ ಕೂತವನು ಎದುರುಮನೆಯ ಓಬಳಯ್ಯ. ಬಾವಿಯ ವ್ಯಾಜ್ಯವಿರಲಿ, ಗುಡಿಯ ಮೊದಲ ವೀಳ್ಯದ ಜಗಳವಿರಲಿ, ಸಾಕ್ಷಿಗೆ ಅವನೇ. ಅವನು ಸಾಕ್ಷಿ ನುಡಿದ ಯಾವ ಬಾವಿಯೂ ನೂರು ವರ್ಷಕ್ಕಿಂತ ಚಿಕ್ಕದಿರಲಿಲ್ಲ. ಹಳೆಯದಕ್ಕಲ್ಲದೆ ಸರ್ಕಾರ ಯಾವುದಕ್ಕೂ ಹಕ್ಕು ಕೊಡದು ಎಂಬುದು ಅವನ ಜೀವಮಾನದ ಪಾಠ.

ಆಫೀಸರು ಕೇಳಿದರು: "ಈ ಕೆಲಸ ಯಾವಾಗಿನಿಂದ ನಡೀತಿದೆ?"

ನಂದೀಶ್ವರಯ್ಯ ಬಾಯಿ ತೆರೆಯುವ ಮುಂಚೆ ಓಬಳಯ್ಯ ಎದ್ದು ನಿಂತ. "ಇವರ ತಾತನ ಕಾಲದಿಂದ್ಲೂ ಐತೆ ಬುದ್ಧಿ! ಮೂರು ತಲೆಮಾರು!"

ಆಫೀಸರ ಮುಖ ಅರಳಿತು. "ಹೌದೆ!" ಎಂದು ಬರೆದುಕೊಳ್ಳತೊಡಗಿದರು. ನಂದೀಶ್ವರಯ್ಯನ ಎದೆಗೆ ಕಾದ ಸೀಸ ಹುಯ್ದಂತಾಯಿತು. ಪೇಟೆಂಟಿಗೆ ವಸ್ತು ಹೊಚ್ಚಹೊಸದಾಗಿರಬೇಕು. ಲೋಕದಲ್ಲಿ ಮೊದಲೇ ಒಬ್ಬನಿಗೆ ಗೊತ್ತಿದ್ದರೂ ಮುಗಿಯಿತು.

"ಸುಳ್ಳು ಸ್ವಾಮಿ! ನಮ್ಮ ತಾತನ ಕಾಲದಲ್ಲಿ ಬಸ್ಸೇ ಇರಲಿಲ್ಲ!"

"ಬಸ್ಸಿರ್ನಿಲ್ಲ, ಬ್ಯಾಟ್ರಿ ಇತ್ತು," ಎಂದ ಓಬಳಯ್ಯ. "ಬಸ್ಸು ಬರ್ಲಿ ಅಂತ ಕಾಯ್ತಾ ಕುಂತಿದ್ರು."

ಪಕ್ಕದ ಮನೆಯ ಕ್ಯಾತಮ್ಮ ಹಿಂದೆ ಬೀಳುವವಳಲ್ಲ. "ನಾನು ಮದುವೆಯಾಗಿ ಬಂದಾಗ ಇವರಜ್ಜಿ ಈ ತಟ್ಟೇಲೇ ರಾಗಿಹಿಟ್ಟು ಜರಡಿ ಹಿಡೀತಿದ್ರು ಕಣಪ್ಪ. ಹಿಟ್ಟು ಎಂಗ್ ಉದುರೋದು ಅಂತೀಯ!"

ನಂದೀಶ್ವರಯ್ಯ ಇಬ್ಬರನ್ನೂ ಕೊಟ್ಟಿಗೆಗೆ ಎಳೆದುಕೊಂಡು ಹೋದ. "ನನ್ನ ಮನೆ ಹಾಳುಮಾಡಿಬಿಟ್ರಲ್ಲ! ಇದು ಹಳೇದು ಅಂದ್ರೆ ಕೊಡೋದಿಲ್ಲ. ಹೊಸದು ಅನ್ನಬೇಕು, ಹೊಸದು!"

"ಹೊಸದ್ಕೆ ಯಾರು ಮರ್ವಾದೆ ಕೊಟ್ಟಾರು ಅಯ್ನೋರೆ?" ಓಬಳಯ್ಯ ಕಣ್ಣರಳಿಸಿದ. "ಇದ್ಯಾವ ಸೀಮೆ ಕಾನೂನು? ಆಗ್ಲಿ ಬುಡಿ, ನಿಮ್ಗೋಸ್ಕರ ಮಾತು ತಿರುಗಿಸ್ತೀನಿ."

ಮತ್ತೆ ಜಗಲಿಗೆ ಬಂದರು. ಓಬಳಯ್ಯ ಕೆನ್ನೆ ಕೆನ್ನೆ ಬಡಿದುಕೊಂಡ. "ತಪ್ಪಾಯ್ತು ಬುದ್ಧಿ. ಆಗ್ಲೇ ಯೋಳಿದ್ದೆಲ್ಲ ಸುಳ್ಳು. ದಂಡಿನ ಮಾರಮ್ಮನಾಣೆ, ಇದು ಮೊನ್ನೆ ಮೊನ್ನೆ ಹುಟ್ಟಿದ್ದು."

"ಹಾಗಾದ್ರೆ ಇವರ ತಾತ?"

"ತಾತನೇ ಇರ್ನಿಲ್ಲ ಬುದ್ಧಿ!"

"ತಾತನೇ ಇರಲಿಲ್ಲವೆ?"

"ಇದ್ರಪ್ಪ," ಕ್ಯಾತಮ್ಮ ಸರಿಪಡಿಸಿದಳು. "ಆದ್ರೆ ಪಾಪ, ಏನೂ ಬತ್ತಿರ್ನಿಲ್ಲ. ಅವರಪ್ಪನಿಗೂ ಅಷ್ಟೇಯ. ಆ ವಂಸದಾಗೆ ಕೆಲಸ ಬರೋರು ಅಂತ ಹುಟ್ಟಿದ್ರೆ ಇವರೇ ಮೊದ್ಲು."

ನಂದೀಶ್ವರಯ್ಯ ಅವಮಾನವನ್ನು ಕಾಫಿಯ ಜೊತೆ ನುಂಗಿ, ತಟ್ಟೆಗಳನ್ನಿಟ್ಟ ಬ್ಯಾಟರಿಗೆ ತಂತಿ ಕೊಟ್ಟ. ಬಲ್ಬು ಮದುಮಗಳ ಮೂಗುತಿಯ ಹಾಗೆ ಝಗ್ಗೆಂದಿತು. "ಕಳೆದ ದೀಪಾವಳಿಗೆ ನಾನೊಬ್ಬನೇ ಕಂಡುಹಿಡಿದದ್ದು ಸ್ವಾಮಿ. ನಮ್ಮ ವಂಶದಲ್ಲಿ ಸೀಸ ಮುಟ್ಟಿದವರೇ ಇಲ್ಲ. ಬೇಕಾದರೆ ಬರೆದುಕೊಡುತ್ತೇನೆ."

ಬರೆದೂ ಕೊಟ್ಟ. ಆಫೀಸರು ಮೊದಲು ಬರೆದದ್ದನ್ನೆಲ್ಲ ನಿಧಾನವಾಗಿ ಹೊಡೆದು ಹಾಕಿದರು.

"ಅದ್ಭುತವಾದ ಕೆಲಸ, ನಂದೀಶ್ವರಯ್ಯನವರೇ. ಆದರೆ ಏನು ಮಾಡಲಿ? ಕೆಲಸ ಮಾಡಲು ಸರ್ಕಾರ ಕಟ್ಟಿಸಿಕೊಡುವ ಷೆಡ್ಡು ಮೂರು ತಲೆಮಾರಿನಿಂದ ಕಸುಬು ನಡೆಸಿಕೊಂಡು ಬಂದವರಿಗೆ ಮಾತ್ರ. ಹಳೆಯದಾಗಿದ್ದರೆ ಇವತ್ತೇ ಬರೆದುಕೊಡುತ್ತಿದ್ದೆ."

"ಷೆಡ್ಡೆ? ಯಾವ ಷೆಡ್ಡು? ನೀವು ಪೇಟೆಂಟಿನವರಲ್ಲವೆ?"

"ನಾನೇ ಷೆಡ್ಡಿಗೆ ಅರ್ಜಿ ಹಾಕಿಸಿದ್ದೆ," ಎಂದಳು ದಾಕ್ಷಾಯಣಮ್ಮ, ಕಣ್ಣಲ್ಲಿ ನೀರು ತಂದುಕೊಂಡು. "ಆಸಿಡ್ಡು ಅಡುಗೆಮನೆಯಿಂದಾಚೆ ಹೋದರೆ ಸಾಕಾಗಿತ್ತು. ಹೇಳೋಕೆ ಬಂದರೆ ಕಾಫಿ ಮಾಡು ಅಂದಿರಿ."

ಆಫೀಸರು ಕೈಮುಗಿದು ಹೊರಟರು. ನಂದೀಶ್ವರಯ್ಯ ಕಂಬಕ್ಕೊರಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಅವನ ಮುಖಕ್ಕೆ ಗೆಲುವು ಬಂತು. "ಹೋದರೆ ಹೋಗಲಿ ಬಿಡೆ. ಪೇಟೆಂಟಿನ ಆಫೀಸರು ಇನ್ನೂ ಬರಬೇಕು. ಈಗ ಬೀದಿಗೆ ಬೀದಿಯೇ ಇದು ಹೊಸದು ಅಂತ ಸಾಕ್ಷಿ ಹೇಳುತ್ತೆ. ಎಲ್ಲಿ, ಆ ಓಬಳಯ್ಯ?"

ಓಬಳಯ್ಯ ಜಗಲಿಯಲ್ಲಿರಲಿಲ್ಲ. ಹಳೆಯದಾಗಿದ್ದರೆ ಕೊಡುತ್ತಿದ್ದೆ ಎಂಬ ಆಫೀಸರ ಮಾತು ಕಿವಿಗೆ ಬಿದ್ದೊಡನೆ ಎದ್ದು ಹೋಗಿದ್ದ. ಕ್ಯಾತಮ್ಮ ಅವನ ದಾರಿ ನೋಡುತ್ತಿದ್ದ ಹಾಗೇ ಟವೆಲಿನಲ್ಲಿ ಬೆವರೊರೆಸಿಕೊಳ್ಳುತ್ತ ಓಡಿಬಂದ.

"ಅಯ್ನೋರೆ, ಇನ್ ಯೋಚ್ನೆ ಬುಡಿ! ತುಮಕೂರು ಬಸ್ಸಿಂದ ಇನ್ನೊಬ್ಬ ಆಫೀಸರು ಇಳಿದ್ರು. ತೂತಿನ ತಟ್ಟೆ ಅಯ್ನೋರ ಮನೆ ಎಲ್ಲಿ, ಅದೇನೋ ಪ್ಯಾಟೆಂಟು ಅಂದ್ರು. ಇಲ್ಲಿಗಂಟ ನಡೆಯೋ ತಾಪತ್ರಯ ಅವರಿಗ್ಯಾಕೆ ಅಂತ ಅಲ್ಲೇ ನಿಲ್ಲಿಸ್ಕೊಂಡು ಯೋಳ್ಬುಟ್ಟೆ. ಮೂರಲ್ಲ, ಏಳು ತಲೆಮಾರು! ಮಧುಗಿರೀಲಿ ಮನೆಮನೇಲೂ ಐತೆ ಅಂದೆ. ಬಸ್ ಸ್ಟ್ಯಾಂಡಿನೋರೆಲ್ಲ ಹೆಬ್ಬೆಟ್ಟು ಒತ್ತವ್ರೆ. ಆವಯ್ಯಂಗೆ ಎಷ್ಟು ಕುಸಿಯಾಯ್ತೋ, ಕಾಫಿನೂ ಕುಡೀದೆ ಅದೇ ಬಸ್ ಹತ್ಕೊಂಡು ಹೊಂಟೋದ್ರು!"